ಮೂರ್ಛೆರೋಗ, ಮನೆತನ ಮತ್ತು ಆನುವಂಶಿಕ ಪರೀಕ್ಷೆ

ಮೂರ್ಛೆರೋಗವು ಮನುಷ್ಯಕುಲಕ್ಕೆ ಬಹು ಪುರಾತನ ಕಾಲದಿಂದಲೂ ಪರಿಚಿತವಾದ ವ್ಯಾಧಿ. ನಮ್ಮ ಆಯುರ್ವೇದ ಗ್ರಂಥಗಳು ಇದನ್ನು ಅಪಸ್ಮಾರವೆಂದು ಕರೆದಿವೆ. ಚರಕಸಂಹಿತೆಯ ನಿದಾನಸ್ಥಾನದಲ್ಲಿಯೂ ಚಿಕಿತ್ಸಾಸ್ಥಾನದಲ್ಲಿಯೂ ಇದಕ್ಕೆ ಪ್ರತ್ಯೇಕ ಅಧ್ಯಾಯಗಳುಂಟು. ಇತ್ತ ಗ್ರೀಸ್ ದೇಶದಲ್ಲಿ ಹಿಪಾಕ್ರಟೀಸನ ಹೆಸರಿನಲ್ಲಿ ಉಳಿದುಬಂದಿರುವ ಗ್ರಂಥಸಮೂಹದಲ್ಲಿ ಈ ರೋಗವನ್ನೇ ಕುರಿತ ಒಂದು ಕಿರುಹೊತ್ತಗೆಯಿದೆ. ಅದನ್ನು ಬರೆದವನು, ಜನರು ‘ಪವಿತ್ರ’ವೆಂದು ಹೇಳುವ ಈ ರೋಗದಲ್ಲಿ ದೈವಕೋಪವೇನೂ ಇಲ್ಲ, ಇದರ ಮೂಲ ಮಿದುಳಿನಲ್ಲಿದೆ ಎಂದು ಧೈರ್ಯವಾಗಿ ಸಾರಿದನು. ಈ ಮಾತನ್ನು ವೈದ್ಯಶಾಸ್ತ್ರದ ಚರಿತ್ರಕಾರರು ಎಷ್ಟು ಕೊಂಡಾಡಿದರೂ ಸಲ್ಲುತ್ತದೆ. ಆದರೆ ಅದೇ ಹೊತ್ತಗೆಯಲ್ಲಿ ಇನ್ನೊಂದು ಮಾತೂ ಇದೆ: ಇತರ ರೋಗಗಳಂತೆ ಇದೂ ವಂಶದಿಂದ ಬರತಕ್ಕದ್ದು ಎಂಬುದು ಆ ಮಾತು. ದೇವರ ಮೇಲಿದ್ದ ಆರೋಪವು ಹೀಗೆ ಕಳೆಯಿತು. ಆದರೆ ಅದು ಮನೆತನದ ಮೇಲೆ ಬಂದು ಕುಳಿತಿತು. ಎರಡು ಸಾವಿರದ ನಾನೂರು ವರ್ಷಗಳ ತರುವಾಯವೂ ಅದು ಅಲ್ಲಿಂದ ಎದ್ದಿಲ್ಲ.

ಈಚಿನ ಮೂರು ದಶಕಗಳಲ್ಲಿ ಈ ಹಳೆಯ ಆರೋಪವನ್ನು ಪರೀಕ್ಷಿಸಿ ನೋಡುವ ಸಾಧನವೊಂದು ವೈದ್ಯರ ಕೈಗೆ ಬಂದಿದೆ. ೧೯೯೫ರಲ್ಲಿ ಆಸ್ಟ್ರೇಲಿಯದ ಒಂದು ದೊಡ್ಡ ಮನೆತನದ ಅಧ್ಯಯನದಿಂದ, ನಿದ್ರೆಯಲ್ಲಿ ಬರುವ ಒಂದು ಬಗೆಯ ಮೂರ್ಛೆಗೆ ಕಾರಣವಾದ ಜೀನು ಪತ್ತೆಯಾಯಿತು. ಅದು ಮೊದಲನೆಯದು, ಆಮೇಲೆ ಪತ್ತೆಯಾದವುಗಳ ಸಂಖ್ಯೆ ನೂರುಗಳಲ್ಲಿದೆ. ಸ್ವಲ್ಪ ರಕ್ತವನ್ನೋ ಜೊಲ್ಲನ್ನೋ ಕೊಟ್ಟು ಹಲವು ಸಾವಿರ ರೂಪಾಯಿಗಳನ್ನು ತೆತ್ತರೆ ಇಂದು ಬೆಂಗಳೂರಿನಂತಹ ನಗರಗಳಲ್ಲಿ ಈ ಪರೀಕ್ಷೆ ಲಭ್ಯ. ಹಾಗಿದ್ದೂ ರೋಗಿಯಿರುವ ಮನೆಗಳಲ್ಲಿ ಈ ಪರೀಕ್ಷೆಯ ಮಾತು ಬಂದಾಗ ಕೆಲವರು ಆತುರದಿಂದ ಕೈ ಚಾಚುತ್ತಾರೆ, ಕೆಲವರು ಮುಖ ತಿರುಗಿಸುತ್ತಾರೆ. ವಿದ್ಯಾವಂತರು ಒಪ್ಪುತ್ತಾರೆ, ಅವಿದ್ಯಾವಂತರು ಹಿಂಜರಿಯುತ್ತಾರೆ ಎಂದು ಸುಲಭವಾಗಿ ಹೇಳಿಬಿಡುವ ರೂಢಿಯುಂಟು. ಈ ಲೇಖಕನಿಗೆ ಅದು ಸರಿಯೆಂದು ತೋರುವುದಿಲ್ಲ. ಪರೀಕ್ಷೆಯು ಉತ್ತರಿಸಬಲ್ಲ ಪ್ರಶ್ನೆ ಒಂದು. ಮನೆಯವರು ಕೇಳುತ್ತಿರುವ ಪ್ರಶ್ನೆ ಮತ್ತೊಂದು. ಯಾವ ಬಗೆಯ ರೋಗ, ಯಾವ ಔಷಧಿ ಒಗ್ಗುವುದು, ಮುಂದಿನ ಮಗುವಿಗೆ ಬರುವ ಸಂಭವವೆಷ್ಟು ಎಂಬುದನ್ನು ಪರೀಕ್ಷೆ ಹೇಳಬಹುದು. ‘ಇದು ಯಾರ ಕಡೆಯಿಂದ ಬಂತು?’ ಎಂಬುದು ಮನೆಯವರ ಪ್ರಶ್ನೆ. ‘ಇದು ಯಾರ ಕಿವಿಗೆ ಬೀಳುವುದು?’ ಎಂಬುದು ಅವರು ಬಾಯಿಬಿಟ್ಟು ಕೇಳದ ಪ್ರಶ್ನೆ.

ಮೊದಲು ರೋಗದ ವಿಚಾರವಾಗಿ ಎರಡು ಮಾತು. ಮಿದುಳಿನ ಜೀವಕೋಶಗಳು ತಮ್ಮತಮ್ಮೊಳಗೆ ಸೂಕ್ಷ್ಮವಾದ ವಿದ್ಯುತ್ ಸಂಕೇತಗಳಿಂದ ವ್ಯವಹರಿಸುತ್ತವೆ. ಕೋಶಗಳ ಒಂದು ಗುಂಪು ಕಟ್ಟುಮೀರಿ ಏಕಕಾಲದಲ್ಲಿ ಸಂಕೇತಗಳನ್ನು ಹೊರಸೂಸಿದಾಗ ಸೆಳೆತವೋ, ಎಚ್ಚರ ತಪ್ಪುವುದೋ, ಕ್ಷಣಕಾಲ ಮಂಕು ಕವಿಯುವುದೋ ಉಂಟಾಗುತ್ತದೆ. ಇಂತಹ ಆಘಾತಗಳು ತಕ್ಕ ಪ್ರಚೋದನೆಯಿಲ್ಲದೆ ಮರಳಿ ಮರಳಿ ಬರುವುದೇ ಮೂರ್ಛೆರೋಗ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ೧೯೯೦ರ ದಶಕದಲ್ಲಿ ನಗರ ಮತ್ತು ಗ್ರಾಮಾಂತರ ಪ್ರದೇಶಗಳ ಒಂದು ಲಕ್ಷಕ್ಕೂ ಮಿಕ್ಕ ಜನರನ್ನು ಮನೆಮನೆಗೆ ಹೋಗಿ ಪರೀಕ್ಷಿಸಿದಾಗ ಸಾವಿರಕ್ಕೆ ಸುಮಾರು ೯ ಮಂದಿಗೆ ಈ ರೋಗವಿರುವುದು ಕಂಡುಬಂದಿತು. ಹಳ್ಳಿಗಳಲ್ಲಿ ಈ ಪ್ರಮಾಣ ನಗರದ ಎರಡರಷ್ಟು. ೨೦೧೧ರ ಜನಗಣತಿಯಂತೆ ಆರು ಕೋಟಿಯನ್ನು ದಾಟಿದ ನಮ್ಮ ರಾಜ್ಯಕ್ಕೆ ಈ ಲೆಕ್ಕವನ್ನು ಅನ್ವಯಿಸಿದರೆ ರೋಗಿಗಳ ಸಂಖ್ಯೆ ಐದು ಲಕ್ಷವನ್ನು ಮೀರುತ್ತದೆ.

ಇವರೆಲ್ಲರ ರೋಗವೂ ವಂಶದಿಂದ ಬಂದುದಲ್ಲ. ಹೆರಿಗೆಯ ಕಾಲದಲ್ಲಿ ಉಸಿರು ಕಟ್ಟಿದ ಕೂಸುಗಳು, ಮಿದುಳುಜ್ವರದಿಂದ ಬದುಕಿ ಉಳಿದವರು, ರಸ್ತೆಯ ಅಪಘಾತದಲ್ಲಿ ತಲೆಗೆ ಪೆಟ್ಟು ತಿಂದವರು, ಪಾರ್ಶ್ವವಾಯುವಿಗೆ ತುತ್ತಾದ ವೃದ್ಧರು ಇವರೊಳಗೆ ಸೇರಿದ್ದಾರೆ. ಹಂದಿಯ ಲಾಡಿಹುಳುವಿನ ಮೊಟ್ಟೆಗಳು ಅಶುದ್ಧವಾದ ನೀರು, ಸೊಪ್ಪು, ಕಾಯಿಪಲ್ಯಗಳ ಮೂಲಕ ದೇಹವನ್ನು ಹೊಕ್ಕು ಮಿದುಳಿನಲ್ಲಿ ಗಂಟುಗಳನ್ನು ಕಟ್ಟುವುದು ಭಾರತದಲ್ಲಿ ಮೂರ್ಛೆಯ ಒಂದು ಮುಖ್ಯ ಕಾರಣ. ಮಾಂಸವನ್ನು ಮುಟ್ಟದವರೂ ಇದಕ್ಕೆ ಹೊರತಲ್ಲ. ತಾತನಿಗೂ ಮೂರ್ಛೆ ಬರುತ್ತಿತ್ತೆಂಬ ಕಾರಣದಿಂದ ಮೊಮ್ಮಗನ ರೋಗವನ್ನೂ ಮನೆತನದ ಲೆಕ್ಕಕ್ಕೆ ಬರೆದು, ಆ ಮೊಮ್ಮಗನ ಮಿದುಳಿನಲ್ಲಿದ್ದ ಹುಳುವಿನ ಗಂಟನ್ನು ಯಾರೂ ನೋಡದೆ ಹೋದ ಪ್ರಸಂಗಗಳು ವೈದ್ಯರಿಗೆ ಅಪರಿಚಿತವಲ್ಲ.

ಹಾಗಾದರೆ ವಂಶದ ಪಾಲು ಎಷ್ಟು? ಅಮೆರಿಕದ ಮಿನಿಸೋಟ ಪ್ರಾಂತದ ರಾಚೆಸ್ಟರಿನಲ್ಲಿ ಹಲವು ದಶಕಗಳ ವೈದ್ಯಕೀಯ ದಾಖಲೆಗಳನ್ನು ಆಧರಿಸಿ ೨೦೧೪ರಲ್ಲಿ ಪ್ರಕಟವಾದ ಲೆಕ್ಕವೊಂದುಂಟು. ರೋಗಿಯ ಒಡಹುಟ್ಟಿದವರು, ಮಕ್ಕಳು ಮತ್ತು ತಂದೆತಾಯಿಗಳಲ್ಲಿ ನಲವತ್ತು ವರ್ಷದೊಳಗೆ ರೋಗ ತಲೆದೋರುವ ಸಂಭವ ನೂರಕ್ಕೆ ೫ಕ್ಕಿಂತ ತುಸು ಕಡಿಮೆ. ಜನಸಾಮಾನ್ಯರಲ್ಲಿ ನೂರಕ್ಕೆ ೧ಕ್ಕಿಂತ ತುಸು ಹೆಚ್ಚು. ಮೂರು ಪಟ್ಟಿಗೂ ಮಿಕ್ಕ ಹೆಚ್ಚಳವೆಂಬುದು ನಿಜ. ಆದರೆ ಅದೇ ಅಂಕಿಯನ್ನು ತಿರುಗಿಸಿ ಓದಿದರೆ, ರೋಗಿಯ ಇಂತಹ ನಿಕಟಬಂಧುಗಳಲ್ಲಿ ನೂರಕ್ಕೆ ತೊಂಬತ್ತೈದು ಮಂದಿಗೆ ರೋಗವೇ ಬರುವುದಿಲ್ಲ. ಹೆಣ್ಣು ನೋಡಲು ಬಂದವರ ಮುಂದೆ ಈ ತೊಂಬತ್ತೈದನ್ನು ಯಾರೂ ಹೇಳುವುದಿಲ್ಲ, ಹೇಳಿದರೂ ಅವರು ಕೇಳುವುದಿಲ್ಲ.

ನಮ್ಮ ನಾಡಿಗೆ ವಿಶೇಷವಾದ ಒಂದು ಬಗೆಯ ಮೂರ್ಛೆಯನ್ನು ಇಲ್ಲಿ ವಿವರಿಸುವುದು ಉಚಿತ. ಏಕೆಂದರೆ ಪರೀಕ್ಷೆಯ ಬೆಲೆಯನ್ನು ಅಳೆಯಲು ಅದು ಒಳ್ಳೆಯ ಒರೆಗಲ್ಲು. ಬಿಸಿನೀರನ್ನು ತಲೆಯ ಮೇಲೆ ಸುರಿದುಕೊಳ್ಳುತ್ತಿದ್ದಾಗ ಬರುವ ಈ ಮೂರ್ಛೆಯನ್ನು ‘ಸ್ನಾನದ ಫಿಟ್ಸು’ ಎನ್ನುತ್ತಾರೆ. ಲೋಕದಲ್ಲಿ ಇದು ಮೊದಲು ವರದಿಯಾದದ್ದು ೧೯೪೫ರಲ್ಲಿ, ನ್ಯೂಜಿಲೆಂಡಿನ ಒಬ್ಬ ಬಾಲಕನಲ್ಲಿ. ಆದರೆ ಬೇರೆ ದೇಶಗಳಲ್ಲಿ ಅಲ್ಲೊಬ್ಬ ಇಲ್ಲೊಬ್ಬರಲ್ಲಿ ಕಾಣುವ ಈ ರೋಗ ದಕ್ಷಿಣ ಕರ್ನಾಟಕದಲ್ಲಿ ಹೇರಳ. ಬೆಂಗಳೂರಿನ ಡಾಕ್ಟರ್ ಕೆ. ಎಸ್. ಮಣಿ ಅವರು ೧೯೬೦ರ ದಶಕದ ಕೊನೆಯಲ್ಲಿಯೇ ಇದನ್ನು ಕುರಿತು ಬರೆದರು, ಡಾಕ್ಟರ್ ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು ೧೯೮೮ರಲ್ಲಿ ೨೭೯ ರೋಗಿಗಳ ವಿವರಗಳನ್ನು ಪ್ರಕಟಿಸಿದರು. ಯಳಂದೂರು ತಾಲ್ಲೂಕಿನಲ್ಲಿ ನಡೆದ ಸಮೀಕ್ಷೆಯಲ್ಲಿ ಲಕ್ಷಕ್ಕೆ ಇನ್ನೂರೈವತ್ತಕ್ಕೂ ಹೆಚ್ಚು ಮಂದಿಗೆ ಇದು ಇದ್ದುದು ಕಂಡುಬಂದಿತು. ವಾರಕ್ಕೊಮ್ಮೆಯೋ ಹದಿನೈದು ದಿನಕ್ಕೊಮ್ಮೆಯೋ ಹಂಡೆಯಲ್ಲಿ ನೀರು ಕಾಯಿಸಿ, ನಲವತ್ತರಿಂದ ಐವತ್ತು ಡಿಗ್ರಿ ಸೆಂಟಿಗ್ರೇಡಿನಷ್ಟು ಬಿಸಿಯಾದ ನೀರನ್ನು ಚೊಂಬುಚೊಂಬಾಗಿ ಬೇಗಬೇಗನೆ ನೆತ್ತಿಯ ಮೇಲೆ ಹೊಯ್ದುಕೊಳ್ಳುವ ನಮ್ಮ ಅಭ್ಯಂಗಸ್ನಾನದ ಪದ್ಧತಿಗೂ ಇದಕ್ಕೂ ಸಂಬಂಧವಿದೆಯೆಂದು ತಜ್ಞರು ಭಾವಿಸುತ್ತಾರೆ. ಕೆಲವರಿಗೆ ಮೂರ್ಛೆಗೆ ಮುನ್ನ ಒಂದು ಬಗೆಯ ಸುಖಾನುಭವವಾಗಿ, ನಿಲ್ಲಿಸಲಾರದೆ ನೀರನ್ನು ಇನ್ನೂ ಇನ್ನೂ ಹೊಯ್ದುಕೊಳ್ಳುವರೆಂಬುದು ಈ ರೋಗದ ಒಂದು ವಿಚಿತ್ರ.

ಈ ರೋಗಿಗಳಲ್ಲಿ ನೂರಕ್ಕೆ ೭ರಿಂದ ೨೨ರವರೆಗೆ ಕುಟುಂಬದಲ್ಲಿ ಮತ್ತೊಬ್ಬರಿಗೂ ಇದೇ ರೋಗವಿರುವುದನ್ನು ಬೇರೆ ಬೇರೆ ಅಧ್ಯಯನಗಳು ತೋರಿಸಿವೆ. ಆದ್ದರಿಂದ ಜೀನಿನ ಶೋಧವೂ ಆರಂಭವಾಯಿತು. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದ ಮತ್ತು ನಿಮ್ಹಾನ್ಸಿನ ಸಂಶೋಧಕರು ಇಂತಹ ಮನೆತನಗಳನ್ನು ಅಭ್ಯಸಿಸಿ, ಕಾರಣವಾದ ಜೀನು ಒಂದು ಮನೆತನದಲ್ಲಿ ಹತ್ತನೆಯ ವರ್ಣತಂತುವಿನ ಒಂದು ಭಾಗದಲ್ಲಿಯೂ ಬೇರೆ ಕಡೆ ನಾಲ್ಕನೆಯ ವರ್ಣತಂತುವಿನ ಒಂದು ಭಾಗದಲ್ಲಿಯೂ ಇರಬೇಕೆಂದು ೨೦೦೯ರಲ್ಲಿ ತೋರಿಸಿದರು. ಊರು ಗೊತ್ತಾಯಿತು, ಬೀದಿಯೂ ಗೊತ್ತಾಯಿತು ಎನ್ನಬಹುದು. ಆದರೆ ಸ್ನಾನದ ಫಿಟ್ಸಿನ ಮನೆಗಳೆಲ್ಲಕ್ಕೂ ಅನ್ವಯಿಸುವಂತಹ ಒಂದೇ ಜೀನಿನ ಪರೀಕ್ಷೆಯೆಂಬುದು ವೈದ್ಯರ ಕೈಯಲ್ಲಿ ಇಲ್ಲ. ಅದಿಲ್ಲದಿದ್ದರೂ ರೋಗಿಗೆ ನಷ್ಟ ಕಡಿಮೆ. ನೀರಿನ ಬಿಸಿಯನ್ನು ತಗ್ಗಿಸುವುದು, ತಲೆಯ ಮೇಲೆ ಸುರಿಯುವ ಬದಲು ಒದ್ದೆಬಟ್ಟೆಯಿಂದ ಒರೆಸಿಕೊಳ್ಳುವುದು, ಇದರಿಂದ ತಡೆಯದಿದ್ದರೆ ವೈದ್ಯರ ಸಲಹೆಯಂತೆ ತಲೆಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ಕ್ಲೋಬಜಾಮ್ ಎಂಬ ಗುಳಿಗೆಯನ್ನು ನುಂಗುವುದು: ಇಷ್ಟರಿಂದ ಬಹುಮಂದಿ ನೆಮ್ಮದಿಯಿಂದಿದ್ದಾರೆ. ಹಂಡೆಯ ನೀರಿಗೆ ಎರಡು ಚೊಂಬು ತಣ್ಣೀರು ಬೆರೆಸಿದರೆ ಆಗುವ ಉಪಕಾರವನ್ನು ದುಬಾರಿ ಪರೀಕ್ಷೆ ಮಾಡಲಾರದು. ಇಂತಹ ಕಡೆಗಳಲ್ಲಿ ಮನೆಯವರು ಪರೀಕ್ಷೆ ಬೇಡವೆಂದರೆ ಅದನ್ನು ಅಜ್ಞಾನವೆನ್ನಲಾಗದು.

ಇದಕ್ಕೆ ವಿರುದ್ಧವಾದ ನಿದರ್ಶನವನ್ನು ಎಳೆಯ ಕೂಸುಗಳಲ್ಲಿ ನೋಡಬೇಕು. ಡ್ರವೆ ರೋಗವೆಂಬುದು ಒಂದು ವರ್ಷದೊಳಗಿನ ಆರೋಗ್ಯವಂತ ಶಿಶುವನ್ನು ಹಿಡಿಯುವ ಭಯಂಕರ ಮೂರ್ಛೆ. ಜ್ವರ ಬಂದಾಗ ಆರಂಭವಾಗುವ ಸೆಳೆತ ಅರ್ಧಗಂಟೆಯಾದರೂ ನಿಲ್ಲದು. ಕ್ರಮೇಣ ಬುದ್ಧಿಯ ಬೆಳವಣಿಗೆಯೂ ಕುಂಠಿತವಾಗುವುದು. ಬಹುಪಾಲು ಮಕ್ಕಳಲ್ಲಿ ಇದಕ್ಕೆ ಕಾರಣ ಎಸ್‌ಸಿಎನ್-೧ಎ ಎಂಬ ಜೀನಿನ ದೋಷವೆಂದು ೨೦೦೧ರಲ್ಲಿ ಬೆಲ್ಜಿಯಮ್ಮಿನ ಸಂಶೋಧಕರು ಕಂಡುಹಿಡಿದರು. ಇಲ್ಲಿ ಪರೀಕ್ಷೆಯಿಂದ ಪ್ರತ್ಯಕ್ಷ ಪ್ರಯೋಜನವಿದೆ. ಮೂರ್ಛೆಗೆ ವಾಡಿಕೆಯಾಗಿ ಕೊಡುವ ಕಾರ್ಬಮಜಪೀನ್, ಫೆನಿಟಾಯಿನ್ ಮೊದಲಾದ ಔಷಧಿಗಳು ಈ ಮಕ್ಕಳಲ್ಲಿ ರೋಗವನ್ನು ಉಲ್ಬಣಗೊಳಿಸುತ್ತವೆ. ಕಾರಣ ತಿಳಿದ ವೈದ್ಯರು ಅವುಗಳನ್ನು ತ್ಯಜಿಸಿ ಬೇರೆ ಮಾರ್ಗ ಹಿಡಿಯುವರು. ಇನ್ನೊಂದು ಅಪರೂಪದ ಬಗೆಯಲ್ಲಿ ಬಿ-೬ ಜೀವಸತ್ವವೇ ಔಷಧಿ. ಮತ್ತೊಂದರಲ್ಲಿ, ಮಿದುಳಿಗೆ ಸಕ್ಕರೆಯನ್ನು ಸಾಗಿಸುವ ಜೀನು ಕೆಟ್ಟಿರುವುದರಿಂದ, ಕೊಬ್ಬು ಹೆಚ್ಚಾಗಿರುವ ವಿಶೇಷ ಪಥ್ಯವೇ ಚಿಕಿತ್ಸೆ. ಸ್ಕಾಟ್ಲೆಂಡಿನಲ್ಲಿ ಮೂರು ವರ್ಷದೊಳಗೆ ಮೂರ್ಛೆ ಆರಂಭವಾದ ಮಕ್ಕಳನ್ನು ಪರೀಕ್ಷಿಸಿದಾಗ ಸುಮಾರು ನಾಲ್ಕರಲ್ಲಿ ಒಂದು ಮಗುವಿನಲ್ಲಿ ಜೀನಿನ ಕಾರಣ ದೊರೆಯಿತೆಂದು ೨೦೧೯ರಲ್ಲಿ ವರದಿಯಾಯಿತು. ವಯಸ್ಕರ ಸಾಮಾನ್ಯ ಮೂರ್ಛೆಗಳಲ್ಲಿ ಇಷ್ಟು ಫಲ ಸಿಕ್ಕುವುದಿಲ್ಲ.

ಚಿಕಿತ್ಸೆಗಿಂತ ಬೇರೆಯಾದ ಇನ್ನೊಂದು ಉಪಕಾರವನ್ನೂ ಇಲ್ಲಿ ನೆನೆಯಬೇಕು. ಡ್ರವೆ ರೋಗದ ಮೊದಲ ಸೆಳೆತ ಅನೇಕ ವೇಳೆ ಲಸಿಕೆ ಹಾಕಿಸಿದ ಜ್ವರದಲ್ಲಿ ಬರುತ್ತದೆ. ಲಸಿಕೆಯಿಂದಲೇ ಮಗುವಿನ ಮಿದುಳು ಕೆಟ್ಟಿತೆಂದು ನಂಬಿ, ಆಸ್ಪತ್ರೆಗೆ ಎತ್ತಿಕೊಂಡು ಹೋದ ತಾಯಿ ಜೀವಮಾನವೆಲ್ಲ ತನ್ನನ್ನೇ ಹಳಿದುಕೊಳ್ಳುತ್ತಾಳೆ; ಮನೆಯವರೂ ಆಕೆಯನ್ನೇ ಹಳಿಯುತ್ತಾರೆ. ಆಸ್ಟ್ರೇಲಿಯದ ಡಾಕ್ಟರ್ ಸ್ಯಾಮುಯೆಲ್ ಬರ್ಕೋವಿಕ್ ಮತ್ತು ಸಂಗಡಿಗರು ಲಸಿಕೆಯಿಂದ ಮಿದುಳು ಕೆಟ್ಟಿತೆಂದು ಹೇಳಲಾಗಿದ್ದ ೧೪ ಮಂದಿಯನ್ನು ಪರೀಕ್ಷಿಸಿ, ಅವರಲ್ಲಿ ೧೧ ಮಂದಿಗೆ ಎಸ್‌ಸಿಎನ್-೧ಎ ಜೀನಿನ ದೋಷವಿರುವುದನ್ನು ೨೦೦೬ರಲ್ಲಿ ಪ್ರಕಟಿಸಿದರು. ಲಸಿಕೆ ನಿರಪರಾಧಿ, ತಾಯಿಯೂ ನಿರಪರಾಧಿ. ಅಷ್ಟೇ ಅಲ್ಲ, ಡ್ರವೆ ರೋಗದ ಬಹುಪಾಲು ಮಕ್ಕಳಲ್ಲಿ ಈ ದೋಷವು ತಂದೆಯಲ್ಲಿಯೂ ಇರುವುದಿಲ್ಲ, ತಾಯಿಯಲ್ಲಿಯೂ ಇರುವುದಿಲ್ಲ; ಅದು ಆ ಮಗುವಿನಲ್ಲಿಯೇ ಹೊಸದಾಗಿ ಉಂಟಾದುದು. ಜೀನಿನ ದೋಷವೆಂದರೆ ವಂಶದ ದೋಷವೆಂದು ತಿಳಿಯುವ ನಮ್ಮ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿದೆ. ಅಪರೂಪಕ್ಕೆ ತಂದೆ ಅಥವಾ ತಾಯಿಯ ಕೆಲವು ಜೀವಕೋಶಗಳಲ್ಲಿ ಮಾತ್ರ ದೋಷವಿರುವುದುಂಟು. ಆದಕಾರಣ ಮುಂದಿನ ಮಗುವಿಗೆ ಸಂಭವವೇ ಇಲ್ಲವೆಂದು ಪ್ರಮಾಣ ಮಾಡಲಾಗದು, ಅತ್ಯಲ್ಪವೆಂದಷ್ಟೇ ಹೇಳಬಹುದು. ‘ಯಾರ ಕಡೆಯಿಂದ ಬಂತು?’ ಎಂಬ ಪ್ರಶ್ನೆಗೆ ‘ಯಾರ ಕಡೆಯಿಂದಲೂ ಅಲ್ಲ’ ಎಂಬ ಉತ್ತರವನ್ನು ಹೊತ್ತ ಒಂದು ಹಾಳೆ ಎಷ್ಟು ಸೊಸೆಯಂದಿರ ಬಾಳನ್ನು ಹಗುರ ಮಾಡೀತು ಎಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ನಿಜವಾಗಿ ವಂಶದಲ್ಲಿ ಇಳಿದುಬರುವ ಮೂರ್ಛೆಯ ಮನೆತನಗಳಲ್ಲಿ ಜನರು ಏನು ಯೋಚಿಸುತ್ತಾರೆ ಎಂಬುದನ್ನು ಬಹುಮಟ್ಟಿಗೆ ಕ್ರಮವಾಗಿ ವಿಚಾರಿಸಿದವರು ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದ ರೂತ್ ಆಟ್‌ಮನ್ ಮತ್ತು ಅವರ ತಂಡದವರು. ಇವರು ಅಭ್ಯಸಿಸಿದ ಒಂದು ಬಗೆಯ ಮೂರ್ಛೆಯಲ್ಲಿ ರೋಗಿಗೆ ಆಘಾತಕ್ಕೆ ಮುನ್ನ ಕಿವಿಯಲ್ಲಿ ಗುಂಯ್ಗುಡುವ ಶಬ್ದ ಕೇಳುತ್ತದೆ, ಇಲ್ಲವೆ ಎದುರಿನವರ ಮಾತು ಇದ್ದಕ್ಕಿದ್ದಂತೆ ಅರ್ಥವಾಗದೆ ಹೋಗುತ್ತದೆ. ಇದರ ಜೀನು ಹತ್ತನೆಯ ವರ್ಣತಂತುವಿನಲ್ಲಿದೆಯೆಂದು ಇವರು ೧೯೯೫ರಲ್ಲಿಯೂ, ಅದು ಎಲ್‌ಜಿಐ-೧ ಎಂಬ ಜೀನೆಂದು ೨೦೦೨ರಲ್ಲಿಯೂ ಗುರುತಿಸಿದರು. ತಂದೆ ಅಥವಾ ತಾಯಿಯಲ್ಲಿ ಈ ದೋಷವಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ. ಆದರೆ ದೋಷ ಬಂದವರೆಲ್ಲರಿಗೂ ರೋಗ ಬರುವುದಿಲ್ಲ. ಸುಮಾರಾಗಿ ಮೂವರಲ್ಲಿ ಇಬ್ಬರಿಗೆ ಬರುವುದು, ಒಬ್ಬರು ದೋಷವನ್ನು ಹೊತ್ತೂ ರೋಗವನ್ನರಿಯದೆ ಬಾಳುವರು. ಲೆಕ್ಕ ಹಾಕಿದರೆ ಪ್ರತಿ ಮಗುವಿಗೂ ರೋಗದ ಸಂಭವ ಮೂರರಲ್ಲಿ ಒಂದು. ಆರೋಗ್ಯವಂತನಾದ ತರುಣನೊಬ್ಬನಿಗೆ ‘ನಿನ್ನಲ್ಲಿ ದೋಷವಿದೆ, ರೋಗ ಬಂದರೂ ಬರಬಹುದು, ಬಾರದೆಯೂ ಇರಬಹುದು, ಬಾರದಂತೆ ತಡೆಯುವ ಔಷಧಿ ಇಲ್ಲ’ ಎಂದು ಹೇಳಿದರೆ ಆತನಿಗಾಗುವ ಉಪಕಾರವೇನು? ಈ ಪ್ರಶ್ನೆಯನ್ನೇ ಆ ತಂಡದವರು ಕುಟುಂಬದವರ ಮುಂದಿಟ್ಟರು.

ದೊರೆತ ಉತ್ತರಗಳು ಒಂದೇ ಬಗೆಯವಲ್ಲ. ೨೦೧೧ರಲ್ಲಿ ಸಾರಾ ಶೋಸ್ಟಾಕ್ ಮತ್ತು ಸಂಗಡಿಗರು ಇಂತಹ ಜನರೊಡನೆ ನಡೆಸಿದ ಸುದೀರ್ಘ ಸಂಭಾಷಣೆಗಳನ್ನು ಪ್ರಕಟಿಸಿದರು. ಜೀನಿನ ತಿಳಿವಳಿಕೆಯಲ್ಲಿ ಜನರಿಗೆ ಕಾಣುವುದು ಪ್ರಯೋಗಶಾಲೆಯ ವಿಷಯವಲ್ಲ, ತಮ್ಮ ಮನೆಯ ವಿಷಯ. ಮಕ್ಕಳು, ಮದುವೆ, ಉದ್ಯೋಗ, ತಪ್ಪಿತಸ್ಥಭಾವ ಇವುಗಳ ನಡುವೆಯೇ ಅವರು ಅದನ್ನು ತೂಗಿ ನೋಡುತ್ತಾರೆ ಎಂಬುದು ಅದರಿಂದ ತಿಳಿಯುತ್ತದೆ. ೨೦೧೬ರಲ್ಲಿ ಇದೇ ಬಳಗದವರು ಹಲವು ರೋಗಿಗಳಿರುವ ಮನೆಗಳ ತಂದೆತಾಯಿಗಳನ್ನು ‘ನಿಮ್ಮ ಮಕ್ಕಳಿಗೆ ಪರೀಕ್ಷೆ ಮಾಡಿಸುವಿರಾ?’ ಎಂದು ಕೇಳಿದರು. ಪರೀಕ್ಷೆಯಿಂದ ಚಿಕಿತ್ಸೆಗೆ ದಾರಿಯಾಗುವುದಾದರೆ, ಉತ್ತರ ಖಚಿತವಾಗಿರುವುದಾದರೆ ಮಾಡಿಸುವೆವೆಂದವರು ಹೆಚ್ಚು. ಚಿಕಿತ್ಸೆಯಿಲ್ಲದೆ, ಸಂಭವವೂ ಅನಿಶ್ಚಿತವಾಗಿದ್ದರೆ ಆ ಆಸಕ್ತಿ ಕುಗ್ಗಿತು. ಇದು ವಿವೇಕದ ಉತ್ತರವಲ್ಲವೆ? ಉಪಯೋಗವಿಲ್ಲದ ಜ್ಞಾನವನ್ನು ಮಗುವಿನ ಹೆಗಲ ಮೇಲೆ ಏಕೆ ಹೊರಿಸಬೇಕು ಎಂದು ಅವರು ಕೇಳಿದಂತಾಯಿತು. ಬಾಲ್ಯದಲ್ಲಿ ಪ್ರಯೋಜನವಿಲ್ಲದ ಪಕ್ಷದಲ್ಲಿ ಆರೋಗ್ಯವಂತ ಮಕ್ಕಳನ್ನು ಪರೀಕ್ಷಿಸದೆ, ಅವರು ಪ್ರಾಪ್ತವಯಸ್ಕರಾಗಿ ತಾವೇ ತೀರ್ಮಾನಿಸುವವರೆಗೆ ಕಾಯಬೇಕೆಂಬುದು ವೈದ್ಯಲೋಕದ ಸಾಮಾನ್ಯ ಧೋರಣೆಯೂ ಆಗಿದೆ.

ಪಶ್ಚಿಮದ ಜನರಿಗೆ ಈ ವಿಷಯದಲ್ಲಿ ಹಿಂಜರಿಯಲು ಇನ್ನೊಂದು ಕಾರಣವುಂಟು, ಅದು ಚರಿತ್ರೆಯದು. ಅಮೆರಿಕದ ಕನೆಕ್ಟಿಕಟ್ ಪ್ರಾಂತವು ೧೮೯೫ರಲ್ಲಿ ಮೂರ್ಛೆರೋಗಿಗಳ ವಿವಾಹವನ್ನು ನಿಷೇಧಿಸಿತು. ಇತರ ಪ್ರಾಂತಗಳು ಅದನ್ನು ಅನುಸರಿಸಿದವು. ೧೯೫೬ರಲ್ಲಿಯೂ ಹದಿನೇಳು ಪ್ರಾಂತಗಳಲ್ಲಿ ಇಂತಹ ನಿಷೇಧವಿದ್ದಿತು. ಕೊನೆಯದು ರದ್ದಾದುದು ೧೯೮೦ರಲ್ಲಿ. ಇಂಗ್ಲೆಂಡು ತನ್ನ ನಿಷೇಧವನ್ನು ೧೯೭೦ರಲ್ಲಿ ಕೈಬಿಟ್ಟಿತು. ಜರ್ಮನಿಯಲ್ಲಿ ನಾಟ್ಸಿ ಸರಕಾರವು ೧೯೩೩ರ ಜುಲೈಯಲ್ಲಿ ಮಾಡಿದ ಕಾಯಿದೆಯ ಪ್ರಕಾರ ಬಲಾತ್ಕಾರದಿಂದ ಸಂತಾನಶಕ್ತಿಯನ್ನು ಹರಣ ಮಾಡಬಹುದಾಗಿದ್ದ ರೋಗಗಳ ಪಟ್ಟಿಯಲ್ಲಿ ‘ಆನುವಂಶಿಕ ಮೂರ್ಛೆ’ಯೂ ಸೇರಿತ್ತು. ಆ ಕಾಯಿದೆಗೆ ಸುಮಾರು ನಾಲ್ಕು ಲಕ್ಷ ಜನ ಬಲಿಯಾದರು. ಆ ಕಾಲದ ವೈದ್ಯರ ಕೈಯಲ್ಲಿ ಜೀನಿನ ಪರೀಕ್ಷೆ ಇರಲಿಲ್ಲ, ಊಹೆಯೇ ಸಾಕಾಗಿತ್ತು.

ನಮ್ಮ ದೇಶದ ಚರಿತ್ರೆ ಅಷ್ಟು ಕ್ರೂರವಲ್ಲದಿದ್ದರೂ ನಿಷ್ಕಳಂಕವಲ್ಲ. ೧೯೫೫ರ ಹಿಂದೂ ವಿವಾಹ ಕಾಯಿದೆಗೆ ೧೯೭೬ರಲ್ಲಿ ತಂದ ತಿದ್ದುಪಡಿಯು, ವಧುವರರಲ್ಲಿ ಯಾರೂ ಮರಳಿ ಮರಳಿ ಬರುವ ಉನ್ಮಾದಕ್ಕೆ ಅಥವಾ ಮೂರ್ಛೆಗೆ ಒಳಗಾಗಿರಬಾರದೆಂದು ವಿಧಿಸಿತು. ಇದಕ್ಕೆ ವಿರುದ್ಧವಾಗಿ ನಡೆದ ವಿವಾಹವನ್ನು ನ್ಯಾಯಾಲಯದ ಮೂಲಕ ಅಸಿಂಧುಗೊಳಿಸಲು ಅವಕಾಶವಿತ್ತು. ಮೂರ್ಛೆಯನ್ನು ಉನ್ಮಾದದ ಪಕ್ಕದಲ್ಲಿ ಕೂರಿಸಿದ ಈ ಮಾತನ್ನು ತೆಗೆಸಲು ವೈದ್ಯರು ಮತ್ತು ರೋಗಿಗಳ ಸಂಘಟನೆಗಳು ಬಹುಕಾಲ ಶ್ರಮಿಸಿದುದರ ಫಲವಾಗಿ, ೧೯೯೯ರ ವಿವಾಹ ಕಾನೂನುಗಳ ತಿದ್ದುಪಡಿ ಕಾಯಿದೆಯು ‘ಮೂರ್ಛೆ’ ಎಂಬ ಶಬ್ದವನ್ನು ಕಿತ್ತುಹಾಕಿತು. ಇಂದು ಮೂರ್ಛೆರೋಗವೆಂಬ ಒಂದೇ ಕಾರಣವು ಆ ಕಾಯಿದೆಯಂತೆ ವಿವಾಹಕ್ಕೆ ಅಡ್ಡಿಯಲ್ಲ. ದುರ್ದೈವದಿಂದ, ಕಾಯಿದೆಯ ಪುಸ್ತಕದಿಂದ ಹೋದ ಶಬ್ದವು ಹೆಣ್ಣು ಕೇಳುವವರ ಬಾಯಿಂದ ಹೋಗಿಲ್ಲ.

ನಮ್ಮ ಮನೆಗಳಲ್ಲಿ ಪರೀಕ್ಷೆಯನ್ನು ತಡೆಯುವುದು ಈ ಬಾಯಿಯೇ. ‘ತಂಗಿಯ ಮದುವೆಯಾಗಲಿ, ಆಮೇಲೆ ನೋಡೋಣ’ ಎಂಬ ಮಾತನ್ನು ಕೇಳದ ವೈದ್ಯರು ವಿರಳ. ಅಣ್ಣನಿಗಿರುವ ರೋಗವನ್ನು ಒಬ್ಬನ ರೋಗವೆಂದು ಹೇಳಿಕೊಳ್ಳಬಹುದು; ಜೀನಿನ ವರದಿ ಬಂದರೆ ಅದು ತಂಗಿಯ ಹೆಸರನ್ನೂ ಸೋದರತ್ತೆಯ ಮಕ್ಕಳ ಹೆಸರನ್ನೂ ಬರೆಯದೆಯೇ ಬರೆದಂತೆ. ಇತರ ಪರೀಕ್ಷೆಗಳಿಗೂ ಇದಕ್ಕೂ ಇರುವ ಭೇದ ಇದೇ. ಸಕ್ಕರೆ ಕಾಯಿಲೆಯ ರಕ್ತಪರೀಕ್ಷೆ ಒಬ್ಬನದು. ಇದು ಇಡೀ ಮನೆತನದ್ದು. ಒಬ್ಬನು ಒಪ್ಪಿ ರಕ್ತ ಕೊಟ್ಟರೆ, ಒಪ್ಪದಿರುವ ಹತ್ತು ಜನರ ವಿಷಯವೂ ಅರ್ಧ ಬಯಲಾಗುತ್ತದೆ. ಹಿರಿಯರು ‘ಬೇಡ’ ಎನ್ನುವಾಗ ಅವರ ಮನಸ್ಸಿನಲ್ಲಿರುವುದು ವಿಜ್ಞಾನದ ಭಯವಲ್ಲ, ಈ ಹತ್ತು ಜನರ ಲೆಕ್ಕ. ಈ ಲೆಕ್ಕದಲ್ಲಿ ಹೆಣ್ಣುಮಕ್ಕಳ ಪಾಲು ಯಾವಾಗಲೂ ದೊಡ್ಡದು. ಮದುವೆಗೆ ಮುಂಚೆ ರೋಗವನ್ನು ಮುಚ್ಚಿಟ್ಟು, ಮದುವೆಯ ಬಳಿಕ ಗುಳಿಗೆಯನ್ನು ಅತ್ತೆಯ ಕಣ್ಣಿಗೆ ಬೀಳದಂತೆ ನುಂಗಲಾರದೆ ಬಿಟ್ಟು, ಬಸುರಿಯಾಗಿರುವಾಗ ಬೆಂಕಿಯ ಮುಂದೆ ಮೂರ್ಛೆ ಬಿದ್ದ ಹೆಣ್ಣುಮಕ್ಕಳು ನಮ್ಮ ಊರುಗಳಲ್ಲಿದ್ದಾರೆ. ಪರೀಕ್ಷೆ ಮಾಡಿಸಬೇಕೆಂಬ ಮಾತು ಬಂದರೂ ಅದು ಹೆಣ್ಣಿಗೇ ಬರುತ್ತದೆ. ವರನ ರಕ್ತವನ್ನು ಕೇಳಿದವರುಂಟೆ?

ಸೋದರಸಂಬಂಧದ ವಿಷಯವನ್ನು ಇಲ್ಲಿ ಬಿಡುವಂತಿಲ್ಲ. ದಕ್ಷಿಣ ಭಾರತದಲ್ಲಿ ಸೋದರಮಾವನಿಗೂ ಅತ್ತೆಯ ಅಥವಾ ಮಾವನ ಮಗನಿಗೂ ಹೆಣ್ಣು ಕೊಡುವ ರೂಢಿ ಹಳೆಯದು. ೧೯೮೦ರ ದಶಕದಲ್ಲಿ ಬೆಂಗಳೂರು ಮತ್ತು ಮೈಸೂರಿನ ಹೆರಿಗೆ ಆಸ್ಪತ್ರೆಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಸುಮಾರು ಮೂರನೆಯ ಒಂದು ಭಾಗದ ವಿವಾಹಗಳು ಇಂತಹ ಬಳಗದೊಳಗಿನವೆಂದು ಕಂಡಿತು. ಕೆಲವು ಬಗೆಯ ಮೂರ್ಛೆಗಳು ತಂದೆ ತಾಯಿ ಇಬ್ಬರಿಂದಲೂ ಒಂದೊಂದು ದೋಷಯುಕ್ತ ಪ್ರತಿ ಬಂದಾಗ ಮಾತ್ರ ತಲೆದೋರುತ್ತವೆ; ಹದಿಹರೆಯದಲ್ಲಿ ಆರಂಭವಾಗಿ ಕೆಲವೇ ವರ್ಷಗಳಲ್ಲಿ ಪ್ರಾಣವನ್ನು ತೆಗೆಯುವ ಲಫೋರ ರೋಗ ಅಂತಹುದು. ಯಾವುದೇ ಒಂದು ಜೀನಿನ ಎರಡು ಪ್ರತಿಗಳೂ ಒಬ್ಬನೇ ಪೂರ್ವಜನಿಂದ ಮಗುವಿಗೆ ಬಂದಿರುವ ಸಂಭವ, ಸೋದರಮಾವನೊಡನೆ ಆದ ವಿವಾಹದಲ್ಲಿ ಎಂಟರಲ್ಲಿ ಒಂದು. ಅತ್ತೆ ಮಾವಂದಿರ ಮಕ್ಕಳೊಳಗಿನ ವಿವಾಹದಲ್ಲಿ ಹದಿನಾರರಲ್ಲಿ ಒಂದು. ಹಾಗೆಂದು ಬಳಗದ ವಿವಾಹಗಳೆಲ್ಲ ರೋಗವನ್ನು ತರುತ್ತವೆಂದು ಯಾರೂ ಹೆದರಬೇಕಾಗಿಲ್ಲ. ಬಹುಪಾಲು ಮಕ್ಕಳು ಆರೋಗ್ಯವಂತರೇ. ಆದರೆ ಇಂತಹ ರೋಗದ ಮಗು ಒಮ್ಮೆ ಹುಟ್ಟಿದ ಮನೆಯಲ್ಲಿ ಮರಳಿ ಬಳಗದೊಳಗೇ ಸಂಬಂಧ ಬೆಳೆಸುವ ಮುನ್ನ ಪರೀಕ್ಷೆಗೆ ನಿಜವಾದ ಅರ್ಥವಿದೆ. ಹೊರಗಿನ ಬೀಗರು ತಿಳಿದಾರೆಂಬ ಅಂಜಿಕೆಯೂ ಇಲ್ಲಿ ಇರದು. ಎರಡೂ ಕಡೆಯವರು ಒಂದೇ ಮನೆಯವರಷ್ಟೆ.

ವರದಿಯ ಮಾತನ್ನು ಹೇಳದೆ ಪರೀಕ್ಷೆಯ ಮಾತು ಪೂರ್ಣವಾಗದು. ದೋಷ ಸಿಕ್ಕಿತು, ಸಿಕ್ಕಲಿಲ್ಲ ಎಂಬ ಎರಡು ಉತ್ತರಗಳಲ್ಲದೆ ಮೂರನೆಯದೊಂದು ಉಂಟು: ‘ಒಂದು ವ್ಯತ್ಯಾಸ ಕಂಡಿದೆ, ಅದರ ಅರ್ಥ ನಿಶ್ಚಯವಾಗಿಲ್ಲ’ ಎಂಬುದು. ನಮ್ಮ ಜನರಲ್ಲಿ ಇಂತಹ ಉತ್ತರ ಹೆಚ್ಚಾಗಿ ಬರಲು ಒಂದು ಕಾರಣವಿದೆ. ಜಗತ್ತಿನ ಜೀನುಗಳ ಸಂಗ್ರಹಗಳು ಬಹುಮಟ್ಟಿಗೆ ಯೂರೋಪಿನ ಮೂಲದ ಜನರವು. ನಮ್ಮಲ್ಲಿ ಸಹಜವಾಗಿರುವ ನಿರುಪದ್ರವಿ ವ್ಯತ್ಯಾಸವೂ ಅವುಗಳ ಮುಂದೆ ಅಪರಿಚಿತವಾಗಿ ತೋರುತ್ತದೆ. ಈ ಕೊರತೆಯನ್ನು ತುಂಬಲೆಂದು ಕೇಂದ್ರ ಸರಕಾರದ ನೆರವಿನಿಂದ ನಡೆದ ಜೀನೋಮ್ ಇಂಡಿಯಾ ಯೋಜನೆಯು, ಭಾರತದ ವಿವಿಧ ಸಮುದಾಯಗಳ ಸುಮಾರು ಹತ್ತು ಸಾವಿರ ಜನರ ಜೀನುಗಳನ್ನು ಓದಿ, ಆ ಮಾಹಿತಿಯನ್ನು ೨೦೨೫ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ಆದಾಗ್ಯೂ ಅರ್ಥ ನಿಶ್ಚಯವಾಗದ ವರದಿಯನ್ನು ಕೈಗೆ ಕೊಟ್ಟು, ಎರಡು ಮಾತು ಬಿಡಿಸಿ ಹೇಳದೆ ಕಳುಹಿಸುವ ವೈದ್ಯರಿದ್ದಾರೆ. ಅಂತಹ ಹಾಳೆಯಲ್ಲಿ ಅಚ್ಚಾಗಿರುವ ಜೀನಿನ ಹೆಸರೊಂದೇ ಸಾಕು. ಮನೆಯವರು ಅದನ್ನು ತೀರ್ಪೆಂದೇ ಓದಿಕೊಳ್ಳುತ್ತಾರೆ.

ಶಿಕ್ಷಕರಿಗೆ ಈ ವಿಷಯ ದೂರದ್ದೆಂದು ತೋರಬಹುದು, ಆದರೆ ದೂರದ್ದಲ್ಲ. ಪಾಠದ ನಡುವೆ ಹತ್ತು ಹದಿನೈದು ಕ್ಷಣ ಶೂನ್ಯವಾಗಿ ನೋಡುವ ಬಾಲಕಿಗೆ ಗಮನವಿಲ್ಲವೆಂದು ಗದರಿಸುವ ಮೊದಲು, ಅದು ಮೂರ್ಛೆಯ ಒಂದು ಬಗೆ ಇರಬಹುದೆಂದು ಸಂಶಯಪಡಬಲ್ಲವರು ಅವರೇ. ಬಿದ್ದ ಮಗುವಿನ ಕೈಗೆ ಬೀಗದ ಕೈಯನ್ನು ತುರುಕದೆ, ಬಾಯಿಗೆ ಏನನ್ನೂ ಹಾಕದೆ, ಒಂದು ಮಗ್ಗುಲಿಗೆ ಹೊರಳಿಸಿ, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಸಾಗಿಸುವವರೂ ಅವರೇ. ಇವೆಲ್ಲ ಬಹುಮಂದಿಗೆ ತಿಳಿದಿರುವ ವಿಷಯಗಳು. ತಿಳಿಯದಿರುವುದು ಇನ್ನೊಂದು. ಹಳ್ಳಿಗಳಲ್ಲಿ ಸಂಬಂಧ ಕೂಡಿಸುವವರು ಹೆಣ್ಣಿನ ವಿಚಾರವನ್ನು ಕೇಳಲು ಮೊದಲು ಬರುವುದು ಅನೇಕ ವೇಳೆ ಆಕೆ ಓದಿದ ಶಾಲೆಯ ಮಾಸ್ತರರ ಬಳಿಗೆ.

ಹಾಗೆ ಬಂದವರು ‘ಹುಡುಗಿಗೆ ಶಾಲೆಯಲ್ಲಿ ಏನಾದರೂ ಫಿಟ್ಸು ಬರುತ್ತಿತ್ತೇ?’ ಎಂದು ಕೇಳಿದಾಗ ಆ ಮಾಸ್ತರರು ಕೊಡುವ ಉತ್ತರವು ಯಾವ ಪ್ರಯೋಗಶಾಲೆಯ ವರದಿಗಿಂತಲೂ ಬೇಗ ಊರೆಲ್ಲ ಹರಡುತ್ತದೆ. ಶಾಲೆಯ ದಾಖಲೆಯಲ್ಲಿರುವ ಮಗುವಿನ ರೋಗದ ಟಿಪ್ಪಣಿ ಮಗುವಿನ ರಕ್ಷಣೆಗಾಗಿ ಬರೆದದ್ದು. ಬೀಗರ ವಿಚಾರಣೆಗಾಗಿ ಅಲ್ಲ. ಅದನ್ನು ಹೇಳುವ ಅಧಿಕಾರ ಆಕೆಯದು, ಆಕೆಯ ತಂದೆತಾಯಿಗಳದು. ಮದುವೆಗೆ ಮುಂಚೆ ಅವರೇ ಹೇಳಬೇಕೆಂದು ಒತ್ತಾಯಪಡಿಸುವುದು ಬೇರೆ, ಅವರಿಗಿಂತ ಮೊದಲು ನಾವು ಹೇಳಿಬಿಡುವುದು ಬೇರೆ. ಗುಟ್ಟು ಕಾಪಾಡುವ ಒಂದು ಸ್ಥಳ ಊರಿನಲ್ಲಿದೆಯೆಂಬ ನಂಬಿಕೆ ಇದ್ದಲ್ಲಿ ಮಾತ್ರ ಜನರು ಮಗುವಿನ ರೋಗವನ್ನು ಶಾಲೆಗೆ ತಿಳಿಸುತ್ತಾರೆ; ಪರೀಕ್ಷೆಗೆ ರಕ್ತ ಕೊಡುವ ವಿಷಯದಲ್ಲಿಯೂ ಅವರ ಮನಸ್ಸು ನಡೆಯುವುದು ಇದೇ ದಾರಿಯಲ್ಲಿ.

ಪರೀಕ್ಷೆಯನ್ನು ಈಗಾಗಲೇ ಮಾಡಿಸಿರುವ ಮನೆಗಳವರಿಗೆ ಒಂದು ಮಾತು. ಅರ್ಥ ನಿಶ್ಚಯವಾಗದ ವರದಿಯನ್ನು ಎಸೆಯಬಾರದು, ಅದನ್ನೇ ಕಡೆಯ ಮಾತೆಂದು ತಿಳಿಯಲೂಬಾರದು. ಜೀನುಗಳ ಜ್ಞಾನ ವರ್ಷವರ್ಷಕ್ಕೂ ಬದಲಾಗುತ್ತಿರುವುದರಿಂದ ಹಳೆಯ ವರದಿಯನ್ನೇ ಎರಡು ಮೂರು ವರ್ಷಗಳ ತರುವಾಯ ಮತ್ತೆ ವಿಶ್ಲೇಷಿಸಿದಾಗ, ಮೊದಲು ಸಿಕ್ಕದ ಕಾರಣ ಕೆಲವರಲ್ಲಿ ಸಿಕ್ಕಿದೆ. ಮೊದಲು ದೋಷವೆಂದು ಸಂಶಯಪಟ್ಟದ್ದು ಕೆಲವರಲ್ಲಿ ನಿರುಪದ್ರವಿಯೆಂದು ತಿಳಿದಿದೆ. ಹೊಸದಾಗಿ ರಕ್ತ ಕೊಡುವ ಅಗತ್ಯವೂ ಸಾಮಾನ್ಯವಾಗಿ ಇರುವುದಿಲ್ಲ. ವರದಿಯ ಪ್ರತಿಯನ್ನು ಮಗುವಿನ ಜನನಪತ್ರದ ಜೊತೆಯಲ್ಲಿ ಜೋಪಾನವಾಗಿಟ್ಟು, ಮುಂದೆ ನರರೋಗತಜ್ಞರನ್ನು ಕಾಣಲು ಹೋಗುವಾಗಲೆಲ್ಲ ಕೊಂಡೊಯ್ಯಬೇಕು.